ಗಾಲಿಯಕ್ಕನ ನಿರ್ಗಮನ ಯೋಜನೆ

ಗಾಲಿಯಕ್ಕನಿಗೆ ಹೇಸಿಗೆ ಅನ್ನುವುದೇ ಇಲ್ಲ ಎಂದು ಆಸ್ಪತ್ರೆಯವರೆಲ್ಲ ತಿಳಿದಿದ್ದರು. ತಿಳಿಯದೆ ಇನ್ನೇನು? ಇಪ್ಪತ್ತೆರಡು ವರ್ಷ ಗಂಡಸರ ವಾರ್ಡಿನಲ್ಲಿ ಆಯಾ ಆಗಿ ಸವೆದವಳು. ವಾಂತಿ, ಕೀವು, ಮಲ, ಮೂತ್ರ ಎಲ್ಲವನ್ನೂ ಬಾಚಿ, ತೊಳೆದು, ಕೈಗೆ ಸೋಪು ಹಾಕಿಕೊಂಡು ಐದೇ ನಿಮಿಷದಲ್ಲಿ ಬುತ್ತಿ ಬಿಚ್ಚಿ ಊಟಕ್ಕೆ ಕೂರುವ ಹೆಂಗಸು. ಹೊಸದಾಗಿ ಸೇರಿದ ನರ್ಸುಗಳು ಮೂಗು ಮುಚ್ಚಿಕೊಂಡರೆ, "ಮೂಗು ಮುಚ್ಕೊಂಡ್ರೆ ವಾಸನೆ ಹೋಗಲ್ಲ ಕಣಮ್ಮಾ, ಬಕೆಟ್ ತಗೊಂಡ್ರೆ ಹೋಗುತ್ತೆ" ಎನ್ನುತ್ತಿದ್ದಳು. ಅಂಥವಳಿಗೆ ಐವತ್ತೆರಡನೇ ವಯಸ್ಸಿನಲ್ಲಿ, ತಣ್ಣನೆಯ ಗಾಳಿ ಬೀಸುವ, ಸುಗಂಧ ಸಿಂಪಡಿಸಿದ ಸಭಾಂಗಣವೊಂದರಲ್ಲಿ ಕೂತಾಗ ಹೊಟ್ಟೆ ತೊಳಸಿ ಬಂತು. ಆ ಕಥೆ ಹೇಳುತ್ತೇನೆ, ಕೇಳಿ.

ಆಯಾ ಕೆಲಸ ಅವಳ ಹೊಟ್ಟೆಪಾಡು. ಗಾಲಿಯಕ್ಕ ಎಂಬ ಹೆಸರು ಬಂದದ್ದು ಬೇರೆ ಕೆಲಸದಿಂದ. ಗಂಡ ಸೈಕಲ್ ಮೆಕ್ಯಾನಿಕ್. ನಲವತ್ತು ತುಂಬುವ ಮೊದಲೇ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಯಿತು. ಆಸ್ಪತ್ರೆಯ ಉಗ್ರಾಣದ ಹಿಂದೆ ಗಾಲಿ ಕಳಚಿ ಬಿದ್ದಿದ್ದ ಒಂದು ಗಾಲಿಕುರ್ಚಿಯನ್ನು ಅವಳು ಕಾಡಿ ಬೇಡಿ ಮನೆಗೆ ತಂದಳು. ಗಂಡ ಮಲಗಿದಲ್ಲಿಂದಲೇ ಎಡಗೈಯಲ್ಲಿ ತೋರಿಸುತ್ತ, ಸೊಟ್ಟ ಬಾಯಲ್ಲಿ ಬೈಯುತ್ತ, ಅವಳ ಕೈಯಿಂದಲೇ ಅದನ್ನು ರಿಪೇರಿ ಮಾಡಿಸಿದ. ಕಡ್ಡಿ ಬಿಗಿಯುವುದು, ಬೇರಿಂಗಿಗೆ ಗ್ರೀಸ್ ತುಂಬುವುದು, ರೆಕ್ಸಿನ್ ಹೊಲಿಯುವುದು ಎಲ್ಲ ಕಲಿತದ್ದು ಆವಾಗ. ಆಸ್ಪತ್ರೆಯ ಕುರ್ಚಿ ಯಾವುದೇ ಇರಲಿ, ಮುಂದಿನ ಚಿಕ್ಕ ಗಾಲಿಯ ಅಚ್ಚಿಗೆ ಕೂದಲು, ದಾರ, ಬ್ಯಾಂಡೇಜಿನ ಎಳೆ ಸುತ್ತಿಕೊಂಡು ಗಟ್ಟಿ ಉಂಡೆಯಾಗಿರುತ್ತದೆ. ಅದನ್ನು ಬ್ಲೇಡಿನಿಂದ ಕೊಯ್ದು ತೆಗೆದರೆ ಅರ್ಧ ರಿಪೇರಿ ಆದ ಹಾಗೆ. ಗಂಡ ಎರಡು ವರ್ಷ ಆ ಕುರ್ಚಿಯಲ್ಲಿ ಬಾಗಿಲ ಬಳಿ ಕೂತು ಬೀದಿ ನೋಡಿದ. ಅವನು ಹೋದ ಒಂದು ವಾರಕ್ಕೆ ಬೀದಿಯ ಕೊನೆಮನೆಯವಳು ಬಂದು, "ಅಕ್ಕಾ, ತಪ್ಪು ತಿಳ್ಕೋಬೇಡಿ, ನಮ್ಮತ್ತೆ ಹಾಸಿಗೆ ಹಿಡಿದಿದ್ದಾರೆ, ಆ ಕುರ್ಚಿ..." ಎಂದು ಮಾತು ನುಂಗಿದಳು. "ತಗೊಂಡ್ಹೋಗು. ಮುಗಿದ ಮೇಲೆ ತಂದುಕೊಡು" ಎಂದಳು ಇವಳು.

ಅಲ್ಲಿಂದ ಶುರು. ಹದಿನಾರು ವರ್ಷದಲ್ಲಿ ಒಂದು ಹೋಗಿ ನಲವತ್ತು ಕುರ್ಚಿ ಆದವು. ಆಸ್ಪತ್ರೆಯವರು ಗುಜರಿಗೆ ಹಾಕುವುದಕ್ಕೆ ಮುಂಚೆ ಅವಳಿಗೆ ಹೇಳಿ ಕಳಿಸುತ್ತಿದ್ದರು. ಅದರ ಬದಲಿಗೆ ಅವಳು ವಾರ್ಡಿನ ಕುರ್ಚಿಗಳನ್ನೂ ಪುಕ್ಕಟೆಯಾಗಿ ಸರಿಮಾಡಿ ಕೊಡುತ್ತಿದ್ದಳು. ಬಟ್ಟೆ ಒಗೆಯುವ ಕಟ್ಟಡದ ಹಿಂದೆ ಒಂದು ತಗಡಿನ ಶೆಡ್ಡು ಖಾಲಿ ಬಿದ್ದಿತ್ತು. ಹಳೆಯ ಸೂಪರಿಂಟೆಂಡೆಂಟರು, "ಇಟ್ಕೊಳಮ್ಮ, ಇಲಿಗಳ ಬದಲು ನೀನಿರು" ಎಂದು ಬಿಟ್ಟುಕೊಟ್ಟಿದ್ದರು. ಬಾಡಿಗೆ ಇಲ್ಲ, ಠೇವಣಿ ಇಲ್ಲ, ಗುರುತಿನ ಚೀಟಿ ಇಲ್ಲ. ಒಂದು ಉದ್ದನೆಯ ನೋಟ್‌ಬುಕ್ಕು ಮಾತ್ರ: ಕುರ್ಚಿಯ ನಂಬರು, ಯಾರ ಮನೆ, ಹೋದ ತಾರೀಖು, ಬಂದ ತಾರೀಖು. "ಬಂತು" ಎಂದು ಬರೆದರೆ ಅದರ ಅರ್ಥ ಏನೆಂದು ಎಲ್ಲರಿಗೂ ಗೊತ್ತಿತ್ತು. ಬಿಡಿಸಿ ಬರೆಯುವ ಅಗತ್ಯ ಇರಲಿಲ್ಲ.

ಹಳೆಯ ಸೂಪರಿಂಟೆಂಡೆಂಟರು ನಿವೃತ್ತರಾದರು. ಹೊಸಬರು ಬಂದ ಮೂರನೇ ವಾರಕ್ಕೆ ಶೆಡ್ಡಿನ ಬಾಗಿಲಿಗೆ ಒಂದು ಕಾಗದ ಅಂಟಿತು. ವೈದ್ಯರ ಕಾರು ನಿಲ್ಲಿಸಲು ಜಾಗ ಬೇಕಂತೆ, ಎರಡು ತಿಂಗಳಲ್ಲಿ ತೆರವು ಮಾಡಬೇಕಂತೆ. ಗಾಲಿಯಕ್ಕ ಕಚೇರಿಯಿಂದ ಕಚೇರಿಗೆ ಅಲೆದಳು. ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಅವಳ ಮನೆಯೋ ಎರಡನೇ ಮಹಡಿಯ ಒಂದೂವರೆ ಕೋಣೆ. ನಲವತ್ತು ಕುರ್ಚಿ ತಿರುಗಬೇಕಾದರೆ ಅವನ್ನು ಬಿಚ್ಚಿ, ತೊಳೆದು, ಜೋಡಿಸಲು ಒಂದು ನೆಲ ಬೇಕು. ನೆಲ ಹೋದರೆ ಕೆಲಸವೇ ಹೋದ ಹಾಗೆ.

ಅವಳ ಮಗಳು ಆಸ್ಪತ್ರೆಯ ಗೇಟಿನೆದುರು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುವ ಕೆಲಸದಲ್ಲಿದ್ದಳು. ಯಾರೋ ಪ್ರತಿ ತೆಗೆಸಲು ಕೊಟ್ಟ ಪ್ರಕಟಣೆಯದ್ದೊಂದು ಪ್ರತಿಯನ್ನು ತನಗೂ ಇಟ್ಟುಕೊಂಡು ಬಂದಳು. ಒಂದು ಪ್ರತಿಷ್ಠಾನದವರು ಹೊಸ ಸಾಮಾಜಿಕ ಉದ್ಯಮಗಳಿಗೆ ಅನುದಾನ ಕೊಡುತ್ತಾರೆ. ಜೊತೆಗೆ ಮಾರ್ಗದರ್ಶನ, ಜೊತೆಗೆ ಕೆಲಸ ಮಾಡಲು ಜಾಗ. ಪ್ರತಿಷ್ಠಾನದ ಅಧ್ಯಕ್ಷೆ ಆಸ್ಪತ್ರೆಯ ಸಮಿತಿಯಲ್ಲೂ ಇದ್ದರು.

"ಮೇಡಂ ಒಂದು ಮಾತು ಹೇಳಿದ್ರೆ ಆಸ್ಪತ್ರೆ ಹಳೇ ಕಟ್ಟಡದ ಕೆಳಗಿನ ಖಾಲಿ ಕೋಣೆ ಸಿಗುತ್ತೆ ಅಮ್ಮ" ಎಂದಳು ಮಗಳು.

"ಸಾಮಾಜಿಕ ಉದ್ಯಮ ಅಂದ್ರೆ ಏನೇ?"

"ಊರಿಗೆ ಉಪಕಾರ ಮಾಡ್ಕೊಂಡು ಅದ್ರಲ್ಲೇ ಹೊಟ್ಟೆ ಹೊರಕೊಳ್ಳೋದು."

"ಊರಿಗೆ ಉಪಕಾರ ಮಾಡ್ಬೇಡ, ಹೆಣಕ್ಕೆ ಶೃಂಗಾರ ಮಾಡ್ಬೇಡ ಅಂತಾರೆ. ಇಪ್ಪತ್ತೆರಡು ವರ್ಷದಿಂದ ನಾನು ಎರಡೂ ಮಾಡಿದೀನಿ. ಬರಿ."

ಹನ್ನೊಂದು ಪುಟದ ಅರ್ಜಿ! ನಿಮ್ಮ ಸ್ಪರ್ಧಿಗಳು ಯಾರು ಎಂದು ಕೇಳಿತ್ತು. ಗಾಲಿಯಕ್ಕ ತುಂಬ ಹೊತ್ತು ಯೋಚಿಸಿ, "ತುಕ್ಕು ಅಂತ ಬರಿ" ಎಂದಳು. ಮಗಳು ನಗುತ್ತಲೇ ಬರೆದಳು. ಒಂಬತ್ತನೇ ಪುಟದಲ್ಲಿ, "ನಿಮ್ಮ ನಿರ್ಗಮನ ಯೋಜನೆಯನ್ನು ನೂರು ಪದಗಳಲ್ಲಿ ವಿವರಿಸಿ" ಎಂದಿತ್ತು.

"ಇದೇನೇ ನಿರ್ಗಮನ?"

"ನಿರ್ಗಮನ ಅಂದ್ರೆ ಹೋಗೋದು."

ವಾರ್ಡಿನಲ್ಲಿ ಸತ್ತರು ಎಂದು ಯಾರೂ ಹೇಳುವುದಿಲ್ಲ. ಹನ್ನೆರಡನೇ ಬೆಡ್ಡಿನವರು ಹೋದರು ಎನ್ನುತ್ತಾರೆ. ಹಾಗಾಗಿ ಗಾಲಿಯಕ್ಕನಿಗೆ ಅನುಮಾನವೇ ಬರಲಿಲ್ಲ. ಇಷ್ಟು ದೊಡ್ಡ ಅರ್ಜಿಯಲ್ಲಿ ಇದೊಂದನ್ನಾದರೂ ಸರಿಯಾಗಿ ಕೇಳಿದ್ದಾರಲ್ಲ ಎಂದು ಅವಳಿಗೆ ಅನ್ನಿಸಿತು. ನೆಟ್ಟಗೆ ಕೂತು ಹೇಳಿದಳು, ಮಗಳು ಬರೆದುಕೊಂಡಳು:

"ಹೋದ ಮೇಲೆ ನಾವಾಗಿ ಕುರ್ಚಿ ಕೇಳಲು ಹೋಗುವುದಿಲ್ಲ. ಮನೆಯವರೇ ತಂದುಕೊಡುತ್ತಾರೆ. ಕೆಲವರು ಹತ್ತು ದಿನಕ್ಕೆ ತರುತ್ತಾರೆ, ಕೆಲವರಿಗೆ ಆರು ತಿಂಗಳು ಬೇಕಾಗುತ್ತದೆ. ತಂದಾಗ ಒಂದು ಲೋಟ ಟೀ ಕೊಟ್ಟು ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತೇವೆ. ಅವರು ಹೊರಟ ಮೇಲೆಯೇ ಕುರ್ಚಿ ತೊಳೆಯುತ್ತೇವೆ. ಅವರ ಕಣ್ಣೆದುರು ತೊಳೆಯುವುದಿಲ್ಲ."

ತಿಂಗಳಾದ ಮೇಲೆ ಕರೆ ಬಂತು. ಆಯ್ಕೆಯಾದ ಹತ್ತು ಜನರಲ್ಲಿ ಗಾಲಿಯಕ್ಕನೂ ಒಬ್ಬಳು. ಮೂರು ದಿನದ ಶಿಬಿರ, ಕೊನೆಯ ದಿನ ತೀರ್ಮಾನ. ವಾರ್ಡಿನಲ್ಲಿ ರಜೆ ಹಾಕಿ, ಮಗಳು ಇಸ್ತ್ರಿ ಮಾಡಿಕೊಟ್ಟ ಬಟ್ಟೆ ತೊಟ್ಟು ಹೋದಳು. ಬಾಗಿಲಲ್ಲೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಫೋಟೋ ತೆಗೆದು ಎಲ್ಲಿ ಬೇಕಾದರೂ ಬಳಸಲು ಒಪ್ಪಿಗೆಯಂತೆ. ತೆಗೆದರೆ ತೆಗೆಯಲಿ, ನನ್ನ ಮುಖದಿಂದ ಅವರಿಗೇನು ಲಾಭ ಎಂದುಕೊಂಡು ಸಹಿ ಹಾಕಿದಳು.

ಒಳಗೆ ಗೋಡೆ ತುಂಬ ಹಳದಿ ಚೀಟಿಗಳು. ಒಬ್ಬ, ಮುದುಕರ ಒಂಟಿತನ ಅಳೆಯುವ ಕೈಗಡಿಯಾರ ಮಾಡುತ್ತೇನೆ ಎಂದ. ಅಳೆದಾದ ಮೇಲೆ ಏನು ಮಾಡ್ತೀಯಪ್ಪ ಎಂದು ಇವಳು ಕೇಳಿದ್ದಕ್ಕೆ, ಅದು ಎರಡನೇ ಹಂತ ಎಂದ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಪ್ರತಿ ಐದು ನಿಮಿಷಕ್ಕೊಮ್ಮೆ ಚಪ್ಪಾಳೆ. ಉಸಿರು ಬಿಟ್ಟರೂ ಚಪ್ಪಾಳೆ. ಥೂ, ಅಂಗೈ ಇರುವುದು ಅದಕ್ಕೇ ಏನೋ ಎನ್ನುವ ಹಾಗೆ!

ಅವಳಿಗೆ ಗೊತ್ತುಮಾಡಿದ ಮಾರ್ಗದರ್ಶಿ ಮೂವತ್ತರ ಆಸುಪಾಸಿನ ಮನುಷ್ಯ. ಕಾಲಲ್ಲಿ ಅಚ್ಚ ಬಿಳಿಯ ಶೂ, ಒಂದು ಚುಕ್ಕೆ ಕೊಳೆ ಇಲ್ಲ. ಇವನು ಯಾವ ನೆಲದ ಮೇಲೆ ನಡೆಯುತ್ತಾನೆ ಎಂದು ಅವಳಿಗೆ ಆಶ್ಚರ್ಯ. ಮನಸ್ಸಿನಲ್ಲೇ ಅವನಿಗೆ ಬಿಳಿ ಶೂ ಎಂದು ಹೆಸರಿಟ್ಟಳು.

"ಮೊದಲು ಪೇನ್ ಪಾಯಿಂಟ್ ಹೇಳಿ ಅಕ್ಕ. ನೋವು ಎಲ್ಲಿದೆ?" ಎಂದ ಬಿಳಿ ಶೂ.

"ಸೊಂಟದಲ್ಲಿ. ಎಡಗಡೆ."

ಅವನು ನಕ್ಕ. ಒಳ್ಳೆಯ ನಗುವೇ, ಸುಳ್ಳು ಹೇಳಬಾರದು. ಆಮೇಲೆ ಅವಳ ಅರ್ಜಿ ತೆಗೆದು ಒಂಬತ್ತನೇ ಪುಟಕ್ಕೆ ಬಂದವನು ಎರಡು ಸಲ ಓದಿ, ಮೇಜಿಗೆ ತಲೆ ಇಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಗತೊಡಗಿದ. "ಅಯ್ಯೋ ಅಕ್ಕಾ! ನಿರ್ಗಮನ ಅಂದ್ರೆ ಅನುದಾನ ಮುಗಿದ ಮೇಲೆ ನಿಮ್ಮ ಸಂಸ್ಥೆ ಹೇಗೆ ನಡೆಯುತ್ತೆ ಅಂತ. ನೀವು ಜನ ಸಾಯೋದನ್ನ ಬರೆದಿದ್ದೀರಲ್ಲ!" ಪಕ್ಕದ ಮೇಜಿನವರಿಗೂ ಓದಿ ಹೇಳಿದ. ಅವರೂ ನಕ್ಕರು. ಗಾಲಿಯಕ್ಕನ ಮುಖ ಕೆಂಪೇರಿತು. ತನ್ನ ದಡ್ಡತನಕ್ಕೆ ತಾನೂ ಹಲ್ಲು ಕಿರಿದಳು. ಅವತ್ತು ನಕ್ಕದ್ದನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ನಗು ನಿಂತ ಮೇಲೆ ಬಿಳಿ ಶೂವಿನ ಕಣ್ಣು ಮಿನುಗಿತು. "ಆದ್ರೆ ಒಂದು ವಿಷ್ಯ ಇದೆ ಅಕ್ಕ. ಕುರ್ಚಿ ವಾಪಸ್ ಬರುತ್ತೆ. ಅಂದ್ರೆ ತಿರುಗುತ್ತೆ. ಒಂದು ಕುರ್ಚಿ ವರ್ಷಕ್ಕೆ ಎಷ್ಟು ಜನರಿಗೆ ಹೋಗುತ್ತೆ?"

"ಅದು ಹೇಗೆ ಹೇಳೋಕಾಗುತ್ತೆ? ಅವರವರ ಆಯುಸ್ಸು."

"ಬರೆದಿಟ್ಟಿದ್ದೀರಾ?"

ಬರೆದಿಟ್ಟಿದ್ದಳು. ಹೆಮ್ಮೆಯಿಂದಲೇ ಚೀಲದಿಂದ ನೋಟ್‌ಬುಕ್ ತೆಗೆದುಕೊಟ್ಟಳು. ಯಾರಿಗೂ ಕೊಡದಿದ್ದ ಪುಸ್ತಕ, ಕೇಳಿದ ತಕ್ಷಣ ಕೊಟ್ಟುಬಿಟ್ಟಳು ನೋಡಿ! ಹಳೇ ಕಟ್ಟಡದ ಕೆಳಗಿನ ಕೋಣೆ ಕಣ್ಣ ಮುಂದೆ ಕುಣಿಯುತ್ತಿರುವಾಗ ಬುದ್ಧಿ ಎಲ್ಲಿ ನೆಟ್ಟಗಿರುತ್ತದೆ?

ಮಾರನೇ ದಿನ ಮಧ್ಯಾಹ್ನ ಅವನು ಅವಳನ್ನು ಒಂದು ಮೂಲೆಗೆ ಕರೆದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ. ಆಯ್ಕೆ ಸಮಿತಿಯವರು ನೋಡುವುದು ಫಲಾನುಭವಿಗಳ ಸಂಖ್ಯೆಯನ್ನು. ನಲವತ್ತು ಕುರ್ಚಿ, ನಲವತ್ತು ಜನ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಕುರ್ಚಿ ಬೇಗ ಬೇಗ ತಿರುಗಬೇಕು. ಅದಕ್ಕೆ ಒಂದು ನಿಯಮ: ತೊಂಬತ್ತು ದಿನಕ್ಕೆ ಕುರ್ಚಿ ವಾಪಸ್.

"ತೊಂಬತ್ತು ದಿನ ಆಯ್ತು, ಮನುಷ್ಯ ಇನ್ನೂ ಇದ್ದಾನೆ. ಆಗ?" ಎಂದಳು ಗಾಲಿಯಕ್ಕ.

"ಆಗ ಅವರು ಬೇರೆ ವ್ಯವಸ್ಥೆ ಮಾಡ್ಕೋತಾರೆ."

"ಬೇರೆ ವ್ಯವಸ್ಥೆ ಇದ್ದಿದ್ರೆ ನನ್ನ ಹತ್ರ ಯಾಕೆ ಬರ್ತಿದ್ರು?"

"ಅಕ್ಕ, ನೋಡಿ. ಕೊಡುವಾಗಲೇ ಆರಿಸಿ ಕೊಟ್ರೆ ಈ ಸಮಸ್ಯೆನೇ ಬರಲ್ಲ. ಕೊನೇ ಹಂತದಲ್ಲಿರೋ ರೋಗಿಗಳಿಗೆ ಮೊದಲು. ನಿಮ್ಮ ಪುಸ್ತಕದಲ್ಲೇ ಇದೆ, ಅವರದ್ದು ಇಪ್ಪತ್ತು, ಮೂವತ್ತು ದಿನದಲ್ಲಿ ಬಂದಿದೆ."

ಅವಳ ಬಾಯಲ್ಲಿ ನೀರು ಊರಿತು, ವಾಂತಿಗೆ ಮುಂಚೆ ಊರುವ ನೀರು. ಅವನು ಮಾತ್ರ ಎಷ್ಟು ಚೆಂದಾಗಿ, ಎಷ್ಟು ನಯವಾಗಿ ಹೇಳಿದ! ಮುಖದಲ್ಲಿ ಕೆಟ್ಟತನದ ಗೆರೆಯೂ ಇರಲಿಲ್ಲ. ಅದೇ ಹೇಸಿಗೆ. ಕಟುಕನ ಕೈಯಲ್ಲಿ ಕತ್ತಿಯಾದರೂ ಕಾಣುತ್ತದೆ.

"ಇದೆಲ್ಲ ಪೇಪರ್ ಮೇಲೆ ಅಕ್ಕ, ಕೋಣೆ ಸಿಗೋವರೆಗೆ" ಎಂದ ಅವನು ಕೊನೆಗೆ.

ಶೆಡ್ಡಿಗೆ ಉಳಿದಿದ್ದದ್ದು ಹನ್ನೆರಡು ದಿನ. ಗಾಲಿಯಕ್ಕ ಬಾಯಲ್ಲಿದ್ದ ನೀರನ್ನು ನುಂಗಿ, "ಆಯ್ತು" ಎಂದಳು.

ಕೊನೆಯ ದಿನಕ್ಕೆ ಒಬ್ಬ ಫಲಾನುಭವಿಯನ್ನು ಕರೆತರಬೇಕು ಎಂದಿದ್ದರು. ಅವಳು ಕಂಡಕ್ಟರಣ್ಣನನ್ನು ಕೇಳಿದಳು. ಬಸ್ ಕಂಡಕ್ಟರ್ ಆಗಿದ್ದ ಮನುಷ್ಯ, ಡಿಪೋದಲ್ಲಿ ಬಸ್ಸಿನ ಮೇಲಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವನು. ಹನ್ನೊಂದು ವರ್ಷದಿಂದ ಏಳನೇ ನಂಬರಿನ ಕುರ್ಚಿ ಅವನದ್ದೇ. ಎಡ ಸೊಂಟ ಕುಸಿದಿದೆ ಎಂದು ಗಾಲಿಯಕ್ಕ ಸೀಟಿನ ಕೆಳಗೆ ಹಲಗೆ ಕೊಟ್ಟು, ಕುರ್ಚಿಯ ಒಂದು ಕೈ ಎತ್ತರಿಸಿ, ಅವನ ಮೈಗೆ ಅಂಗಿ ಹೊಲಿದ ಹಾಗೆ ಕುರ್ಚಿಯನ್ನು ತಿದ್ದಿದ್ದಳು. ಅದರಲ್ಲಿ ಕೂತೇ ಅವನು ಮನೆಯ ಮುಂದೆ ಪೆನ್ನು, ಬೀಗ, ಬಾಚಣಿಗೆ ಮಾರುತ್ತಿದ್ದ.

"ನಾನು ಬಂದ್ರೆ ನಿನಗೆ ಕೋಣೆ ಸಿಗುತ್ತಾ ತಂಗಿ? ಹಾಗಾದ್ರೆ ರೈಟ್, ಹೋಗೋಣ" ಎಂದು ಗಡ್ಡ ಬೋಳಿಸಿಕೊಂಡು ಹೊರಟ.

ಗಾಲಿಕುರ್ಚಿಯವನನ್ನು ಕರೆಸಿದ ಸಭೆ. ವೇದಿಕೆ ಹತ್ತಲು ಆರು ಮೆಟ್ಟಿಲು! ನಾಲ್ಕು ಜನ ಸೇರಿ ಅವನನ್ನು ಕುರ್ಚಿ ಸಮೇತ ಎತ್ತಿ ಮೇಲಿಟ್ಟರು. ಅಧ್ಯಕ್ಷೆ ಮೇಡಂ ಮೈಕನ್ನು ಅವನ ಬಾಯಿಗೆ ಹಿಡಿದು, "ಈ ಕುರ್ಚಿಯಿಂದ ನಿಮ್ಮ ಬದುಕು ಹೇಗೆ ಬದಲಾಯಿತು?" ಎಂದರು.

"ಕೂತ್ಕೊಳ್ಳೋ ಹಾಗಾಯ್ತು ಮೇಡಂ."

ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಬಿಳಿ ಶೂ ಹಿಂದಿನ ಪರದೆಯ ಮೇಲೆ ಚಿತ್ರ ಬಿಟ್ಟ. ಗಾಲಿಯಕ್ಕನ ನೋಟ್‌ಬುಕ್ಕು ಗೆರೆಗಳಾಗಿ ಅಲ್ಲಿ ನಿಂತಿತ್ತು. ಪಕ್ಕದಲ್ಲಿ ಕುರ್ಚಿಯ ನಂಬರು, ಅದರ ಮುಂದೆ ಒಂದೊಂದು ಮನೆಗೆ ಒಂದೊಂದು ಗೆರೆ. ಬೇಗ ವಾಪಸ್ ಬಂದದ್ದು ಹಸಿರು. ತಡವಾದದ್ದು ಹಳದಿ. ಹಸಿರು ಗೆರೆಗಳು ಅವಳಿಗೆ ಒಂದೊಂದಾಗಿ ಗೊತ್ತಾಗತೊಡಗಿದವು. ಹದಿನೆಂಟು ದಿನದ ಆ ಚೋಟು ಗೆರೆ ಬೇಕರಿಯವನ ಹೆಂಡತಿ, ಒಂಬತ್ತು ವರ್ಷದ ಮಗುವನ್ನು ಬಿಟ್ಟು ಹೋದವಳು. ಅದರ ಕೆಳಗಿನದ್ದು ಗಣಿತದ ಮೇಷ್ಟ್ರು. ಮತ್ತೆ ಎಲ್ಲಕ್ಕಿಂತ ಉದ್ದಕ್ಕೆ, ಪರದೆಯ ಈ ತುದಿಯಿಂದ ಆ ತುದಿಗೆ, ಒಂದು ಕೆಂಪು ಗೆರೆ.

"ಈ ಕೆಂಪು ಯಾವುದು?" ಎಂದರು ಮೇಡಂ.

"ಅದು ಸಿಕ್ಕಿಹಾಕಿಕೊಂಡಿರುವ ಕುರ್ಚಿ ಮೇಡಂ, ಏಳನೇ ನಂಬರು. ಹನ್ನೊಂದು ವರ್ಷಕ್ಕೆ ಒಬ್ಬನೇ ಫಲಾನುಭವಿ. ತೊಂಬತ್ತು ದಿನದ ನಿಯಮ ಬಂದರೆ ಇದು ಬಿಡುಗಡೆಯಾಗುತ್ತೆ. ಇಷ್ಟೇ ಅವಧಿಯಲ್ಲಿ ನಲವತ್ತನಾಲ್ಕು ಜನರಿಗೆ ತಲುಪಬಹುದಿತ್ತು."

ಭೇಷ್ ಎನ್ನುವ ಹಾಗೆ ಮತ್ತೆ ಚಪ್ಪಾಳೆ. ವೇದಿಕೆಯ ಮೇಲಿದ್ದ ಕಂಡಕ್ಟರಣ್ಣ ಕಷ್ಟಪಟ್ಟು ಕುತ್ತಿಗೆ ತಿರುಗಿಸಿ ಪರದೆ ನೋಡಿದ. ಏಳು ಎಂಬ ಅಂಕೆಯನ್ನೂ ಅದರ ಮುಂದಿನ ಕೆಂಪನ್ನೂ ನೋಡಿ, ಮತ್ತೆ ಜನರ ಕಡೆ ತಿರುಗಿದ. ಅವನು ಕೂತಿದ್ದ ಕುರ್ಚಿಯ ಬೆನ್ನಿಗೆ ಗಾಲಿಯಕ್ಕನೇ ಬಣ್ಣದಲ್ಲಿ ಬರೆದ ಏಳು ಎಲ್ಲರಿಗೂ ಕಾಣುವ ಹಾಗಿತ್ತು. ಯಾರೂ ನೋಡಲಿಲ್ಲ.

ಗೆದ್ದದ್ದು ಗಾಲಿಯಕ್ಕ! ಹೂಗುಚ್ಛ, ಶಾಲಿನಂಥದ್ದೊಂದು, ಹತ್ತಾರು ಫೋಟೋ. ಮೇಡಂ ಅವಳ ಭುಜ ಬಳಸಿ, "ಕೋಣೆ ನಿಮ್ಮದೇ ಅಂದ್ಕೊಳ್ಳಿ, ಸೋಮವಾರ ಒಪ್ಪಂದಕ್ಕೆ ಸಹಿ ಹಾಕಿ" ಎಂದರು. ಅವಳು ಶೌಚಾಲಯಕ್ಕೆ ಓಡಿದಳು. ಕೀವಿಗೆ ಬಾರದ, ಹೆಣಕ್ಕೆ ಬಾರದ ವಾಂತಿ ಆ ಫಳಫಳ ಹೊಳೆಯುವ ಬೇಸಿನ್ನಿನಲ್ಲಿ ಬಂತು. ಅಭ್ಯಾಸ ನೋಡಿ, ತಾನೇ ತೊಳೆದು, ಒರೆಸಿ ಬಂದಳು.

ವಾಪಸ್ ಬರುವಾಗ ವ್ಯಾನಿನಲ್ಲಿ ಕಂಡಕ್ಟರಣ್ಣ ಕೇಳಿದ, "ಆ ಕೆಂಪು ಗೆರೆ ನಾನೇ ತಾನೆ ತಂಗಿ?"

"ಅಣ್ಣಾ, ಅದು ಸುಮ್ನೆ ಪೇಪರ್ ಮೇಲೆ..." ಎಂದಳು. ಬಿಳಿ ಶೂವಿನ ಮಾತು ತನ್ನ ಬಾಯಲ್ಲಿ ಬಂದದ್ದು ಕೇಳಿ ಅಲ್ಲಿಗೇ ನಿಲ್ಲಿಸಿದಳು. ಅವನು ಓಹೋ ಎಂದ.

ಭಾನುವಾರ ಬೆಳಿಗ್ಗೆ ಅವಳು ಶೆಡ್ಡಿನಲ್ಲಿ ಅಚ್ಚಿನ ಕೂದಲು ಕೊಯ್ಯುತ್ತಿದ್ದಾಗ ಕಂಡಕ್ಟರಣ್ಣನ ಸೊಸೆ ಕುರ್ಚಿ ತಳ್ಳಿಕೊಂಡು ಬಂದಳು. ಏಳನೇ ನಂಬರು. ಖಾಲಿ. ಖಾಲಿ ಕುರ್ಚಿ ಆ ಬಾಗಿಲಿಗೆ ಬರುವುದು ಒಂದೇ ಕಾರಣಕ್ಕೆ. ಗಾಲಿಯಕ್ಕ ಬ್ಲೇಡು ಕೆಳಗಿಟ್ಟು ಎದ್ದಳು.

"ಯಾವಾಗ ಹೋದ್ರಮ್ಮಾ?"

"ಅಯ್ಯೋ, ಬಿಡ್ತು ಅನ್ನಿ! ಮಾವ ಚೆನ್ನಾಗಿದ್ದಾರೆ. ಅವರೇ ಕಳಿಸಿದ್ದು. ತೊಳೆದು ಕೊಟ್ಟು ಬಾ, ತಂಗಿಗೆ ಕೋಣೆ ಸಿಗಬೇಕು ಅಂದ್ರು. ನಾನು ಬೇಡ ಅಂತ ಎಷ್ಟು ಹೇಳಿದ್ರೂ..." ಅವಳ ದನಿ ಒಡೆಯಿತು. "ಬೆಳಿಗ್ಗೆ ಬಚ್ಚಲಿಗೆ ನಾನೂ ನಮ್ಮವರೂ ಎತ್ಕೊಂಡು ಹೋದ್ವಿ ಅಕ್ಕ. ನಾಳೆಯಿಂದ ನಮ್ಮವರು ಕೆಲಸಕ್ಕೆ ಹೋಗ್ತಾರೆ. ನಾನೊಬ್ಬಳೇ."

ಗಾಲಿಯಕ್ಕ ಕುರ್ಚಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಬೀದಿಗೆ ನುಗ್ಗಿದಳು. ಖಾಲಿ ಕುರ್ಚಿಯನ್ನು ಅಷ್ಟು ವೇಗವಾಗಿ ತಳ್ಳಿಕೊಂಡು ಹೋಗುವ ಹೆಂಗಸನ್ನು ಜನ ನಿಂತು ನೋಡಿದರು. ಕಂಡಕ್ಟರಣ್ಣ ಗೋಡೆಗೆ ಒರಗಿಸಿದ ಎರಡು ದಿಂಬುಗಳ ನಡುವೆ ನೆಲದ ಮೇಲೆ ಕೂತಿದ್ದ. ಎಡಕ್ಕೆ ವಾಲಿ ವಾಲಿ ಬೀಳುತ್ತಿದ್ದವನು ಅಂಗೈ ಊರಿಕೊಂಡು ತಡೆದುಕೊಂಡಿದ್ದ. ಪೆನ್ನು, ಬೀಗಗಳ ಹಲಗೆ ಮೂಲೆಯಲ್ಲಿತ್ತು.

"ಏನಣ್ಣಾ ಇದು? ನಿಂಗೇನು ತಲೆ ಕೆಟ್ಟಿದೆಯಾ?"

"ಒಬ್ಬನಿಗೋಸ್ಕರ ಬಸ್ಸು ನಿಲ್ಲಿಸ್ಬಾರದು ತಂಗಿ. ಹತ್ತೋರು ಕಾಯ್ತಾ ಇರ್ತಾರೆ. ನಲವತ್ತನಾಲ್ಕು ಜನ ಅಂದ್ನಲ್ಲ ಆ ಹುಡುಗ."

"ಆ ಹುಡುಗನ ಬಾಯಿಗಿಷ್ಟು ಮಣ್ಣು ಹಾಕ!"

"ಅವನದ್ದೇನು ತಪ್ಪು? ಲೆಕ್ಕ ಸರಿಯಾಗೇ ಇದೆ. ನಾನು ಬದುಕಿದ್ದೇ ಜಾಸ್ತಿ ಆಯ್ತು."

ಅವನು ನಗುತ್ತಲೇ ಹೇಳಿದ. ಗಾಲಿಯಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ಬಿಳಿ ಶೂವಿನ ಮೇಲೆ ಬಂದದ್ದಕ್ಕಿಂತ ಹೆಚ್ಚು ಹೇಸಿಗೆ ತನ್ನ ಮೇಲೇ ಬಂತು. ಪುಸ್ತಕ ಕೊಟ್ಟವಳು ಯಾರು? ಆಯ್ತು ಎಂದವಳು ಯಾರು? ಹಲ್ಲು ಕಿರಿದವಳು ಯಾರು? ಅವನ ಕಂಕುಳಿಗೆ ಕೈ ಹಾಕಿ, ಮಂಡಿ ಕೊಟ್ಟು, ಒಂದೇ ಸಲಕ್ಕೆ ಎತ್ತಿ ಕುರ್ಚಿಯಲ್ಲಿ ಕೂರಿಸಿದಳು. ಸೀಟಿನ ಕೆಳಗಿನ ಹಲಗೆ ಸರಿಮಾಡಿದಳು. ಆಮೇಲೆ ಅಳು ಬಂತು, ಸಿಟ್ಟೂ ಬಂತು.

"ಕೇಳು ಅಣ್ಣ. ಟಿಕೆಟ್ ಇರೋನ್ನ ದಾರೀಲಿ ಇಳಿಸೋ ಕಂಡಕ್ಟರ್ ನಾನಲ್ಲ. ಇನ್ನೊಂದ್ಸಲ ಈ ಕುರ್ಚಿ ಖಾಲಿ ಬಂದ್ರೆ, ನೀನು ಬದುಕಿದ್ರೂ ಸರಿ, ನಾನೇ ಕೊಂದುಬಿಡ್ತೀನಿ."

ಕಂಡಕ್ಟರಣ್ಣ ಮೂಲೆಯಲ್ಲಿದ್ದ ಪೆನ್ನು, ಬೀಗಗಳ ಹಲಗೆಯತ್ತ ಕೈ ಚಾಚಿದ.

ಸೋಮವಾರ ಅವಳು ಸಹಿ ಹಾಕಲು ಹೋಗಲಿಲ್ಲ. ಬಿಳಿ ಶೂ ಫೋನ್ ಮಾಡಿದ. "ಅಕ್ಕ, ಎಮೋಷನಲ್ ಆಗ್ಬೇಡಿ. ಸಾವಿರ ಜನರಿಗೆ ಆಗೋ ಉಪಕಾರ ಒಬ್ಬರಿಂದ ನಿಲ್ಲಬಾರದು."

"ನಿಮ್ಮ ಚಿತ್ರದಲ್ಲಿ ಬೇಗ ಸತ್ತೋರೆಲ್ಲ ಹಸಿರು, ಬದುಕಿರೋನು ಕೆಂಪು. ಬಣ್ಣ ಹಚ್ಚುವಾಗ ನಿಮಗೆ ಏನೂ ಅನ್ನಿಸ್ಲಿಲ್ವಾ ಸಾರ್?"

"ಅದು ಬರೀ ಬಣ್ಣ ಅಕ್ಕ."

"ಥೂ!" ಎಂದು ಫೋನಿಗೇ ಉಗಿದಳು. ಮಗಳು ಬಟ್ಟೆ ತಂದು ಫೋನು ಒರೆಸಿದಳು.

ಅನುದಾನ ಬೇಡ ಎಂದವಳಿಗೆ ಕೋಣೆ ಯಾರು ಕೊಡುತ್ತಾರೆ? ಹೇಳಿದ ದಿನಕ್ಕೆ ಸರಿಯಾಗಿ ಬುಲ್ಡೋಜರು ಬಂತು. ತಗಡಿನ ಶೆಡ್ಡು ಒಂದು ಟೀ ಕುಡಿಯುವಷ್ಟರಲ್ಲಿ ಮಲಗಿತು. ಒಳಗಿದ್ದ ಹದಿನೇಳು ಕುರ್ಚಿಗಳಲ್ಲಿ ಐದನ್ನು ಅವಳೂ ಮಗಳೂ ಎರಡು ಮಹಡಿ ಹೊತ್ತರು. ಮೂರನ್ನು ಗೊತ್ತಿದ್ದವರು ಒಯ್ದರು. ಉಳಿದವು ಬಿಚ್ಚಿದ ಸ್ಥಿತಿಯಲ್ಲಿದ್ದವು, ಗುಜರಿಯವನು ಲಾರಿಗೆ ಎಸೆದ. ಹೊರಗಿದ್ದ ಇಪ್ಪತ್ತಮೂರರಲ್ಲಿ ಬಂದವನ್ನು ಮೆಟ್ಟಿಲ ಕೆಳಗೆ ಇಟ್ಟರೆ ಮನೆ ಮಾಲೀಕ ಕೂಗಾಡಿದ. ಹಾಗಾಗಿ ಬಂದದ್ದು ರಿಪೇರಿ ಇಲ್ಲದೆ ಬಂದ ಹಾಗೇ ಇನ್ನೊಂದು ಮನೆಗೆ ಹೋಗುತ್ತಿತ್ತು. ಮುರಿದದ್ದು ಮುರಿದಲ್ಲೇ ಬಿತ್ತು. ವಾರ್ಡಿನ ಕುರ್ಚಿಗಳೂ ಒಂದೊಂದಾಗಿ ಮೂಲೆ ಸೇರಿದವು. ನಾಲ್ಕು ತಿಂಗಳಿಗೆ ಅವಳ ಹತ್ತಿರ ಕೊ‌ಡಲು ಒಂದೂ ಇರಲಿಲ್ಲ.

ಆದರೆ ಪ್ರತಿಷ್ಠಾನದ ವರ್ಷದ ಕೆಲಸ ನಿಲ್ಲುತ್ತದೆಯೇ? ಆಸ್ಪತ್ರೆಯ ಗೇಟಿನ ಮೇಲೆ, ಎರಡಾಳು ಎತ್ತರದ ಪೋಸ್ಟರ್ ಬಂತು. ಗಾಲಿಯಕ್ಕ ಹೂಗುಚ್ಛ ಹಿಡಿದು ನಗುತ್ತಿದ್ದಾಳೆ. ಮುಖ ಬೆಳ್ಳಗೆ ಮಾಡಿದ್ದಾರೆ. "ಗಾಲಿಕುರ್ಚಿ ಬೇಕೇ? ನಮ್ಮ ಗಾಲಿಯಕ್ಕ ಇದ್ದಾರೆ" ಎಂದು ದಪ್ಪ ಅಕ್ಷರ, ಕೆಳಗೊಂದು ಫೋನ್ ನಂಬರು. ಆ ನಂಬರಿಗೆ ಮಾಡಿದರೆ ಸಂಗೀತ ಬರುತ್ತದೆ. ತೆಗೆಸಿ ಎಂದು ಮಗಳು ಹೋಗಿ ಜಗಳವಾಡಿದಳು. ಸಹಿ ಹಾಕಿದ ಕಾಗದ ತೋರಿಸಿದರು.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಅವಳು ಗೇಟಿಗೆ ಬಂದಾಗ ಪೋಸ್ಟರಿನ ಕೆಳಗೆ ಟ್ಯಾಕ್ಸಿಯೊಂದು ನಿಂತಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ, ಕಾಲೆರಡೂ ಊದಿ ಕಂಬವಾಗಿವೆ. ಮಗ ಒಳಗೋಡಿ ಹೊರಗೋಡಿ ಸುಸ್ತಾಗಿದ್ದ. ವಾರ್ಡಿನಲ್ಲಿ ಕುರ್ಚಿ ಇಲ್ಲ ಎಂದರಂತೆ. ಪೋಸ್ಟರ್ ನಂಬಿ ಬಂದೆ, ಫೋನ್ ಯಾರೂ ಎತ್ತುತ್ತಿಲ್ಲ ಎಂದು ಡ್ರೈವರಿಗೆ ಹೇಳಿಕೊಳ್ಳುತ್ತಿದ್ದ.

"ನೀನು ಕಂಕುಳು ಹಿಡ್ಕೋ ತಮ್ಮ. ನಾನು ಕಾಲು ಹಿಡೀತೀನಿ" ಎಂದಳು ಗಾಲಿಯಕ್ಕ.

ಇಬ್ಬರೂ ಸೇರಿ ಎತ್ತಿದರು. ಮುದುಕಿಗೆ ನೋವು ತಡೆಯಲಾರದೆ ಬಟ್ಟೆಯಲ್ಲೇ ಮೂತ್ರ ಹೋಯಿತು. ಬಿಸಿ ನೀರು ಗಾಲಿಯಕ್ಕನ ಮೊಣಕೈಯಿಂದ ಇಳಿಯಿತು. "ಏನೂ ಆಗಲ್ಲಮ್ಮ, ಆಗ್ಲಿ ಬಿಡಿ" ಎಂದು ಅವಳು ಹೆಜ್ಜೆ ಇಟ್ಟಳು. ಇಳಿಜಾರು ಹತ್ತುವಾಗ ಮುದುಕಿ ತಲೆ ಹಿಂದಕ್ಕೆ ಚೆಲ್ಲಿ ಮೇಲಿನ ಚಿತ್ರ ನೋಡಿದಳು. ಆಮೇಲೆ ಕಾಲು ಹಿಡಿದವಳ ಮುಖ ನೋಡಿದಳು.

"ಆ ಪಟದಲ್ಲಿರೋಳು ನೀನೇ ಅಲ್ವೇನಮ್ಮಾ?"

"ಅಲ್ಲಮ್ಮ" ಎಂದಳು ಗಾಲಿಯಕ್ಕ. "ಅವಳ ಹತ್ರ ಕುರ್ಚಿ ಇತ್ತು."